ಬೀಗ ಬಿದ್ದ ಮೇಲೆ ಎಲ್ಲಿಗೆ?

ದಿನಪತ್ರಿಕೆಗಳ ಒಳಪುಟದಲ್ಲಿ, ಟೆಂಡರ್ ಪ್ರಕಟಣೆಗಳ ಪಕ್ಕದಲ್ಲಿ, ಚೌಕಟ್ಟು ಹಾಕಿದ ಒಂದು ಜಾಹೀರಾತು ಆಗಾಗ ಕಾಣಿಸುತ್ತದೆ. ತಲೆಬರಹ ‘ಸ್ವಾಧೀನತಾ ನೋಟಿಸ್’. ಕೆಳಗೆ ಸಾಲಗಾರನ ಹೆಸರು, ಜಾಮೀನು ಹಾಕಿದ ಹೆಂಡತಿಯ ಹೆಸರು, ಮನೆಯ ಪೂರ್ತಿ ವಿಳಾಸ, ಬಾಕಿಯ ಮೊತ್ತ ಪೈಸೆ ಸಮೇತ. ಕೊನೆಯಲ್ಲಿ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ನಿವೇಶನ, ಉತ್ತರಕ್ಕೆ ಇನ್ನೊಬ್ಬರ ಮನೆ. ಸಾರ್ವಜನಿಕರು ಈ ಸ್ವತ್ತಿನ ವ್ಯವಹಾರಕ್ಕೆ ಇಳಿಯಬಾರದು ಎಂಬ ಎಚ್ಚರಿಕೆಯೂ ಅಲ್ಲೇ ಇರುತ್ತದೆ. ಸ್ವಾಧೀನ ಪಡೆದ 7 ದಿನಗಳೊಳಗೆ ಎರಡು ಪತ್ರಿಕೆಗಳಲ್ಲಿ ಇದು ಅಚ್ಚಾಗಬೇಕು, ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು ಎಂದು ನಿಯಮ ಹೇಳುತ್ತದೆ. ಹಾಗಾಗಿ ಇಂಗ್ಲಿಷ್ ಓದದ ಸೋದರತ್ತೆಗೂ, ಎದುರುಮನೆಯ ನಿವೃತ್ತ ಮೇಷ್ಟರಿಗೂ, ಬೀದಿ ಕೊನೆಯ ಕಿರಾಣಿ ಅಂಗಡಿಯವನಿಗೂ ಸುದ್ದಿ ತಪ್ಪದೆ ಮುಟ್ಟುತ್ತದೆ. ಮುಂದಿನ ವಾರ ಆ ಕುಟುಂಬ ಬಾಡಿಗೆ ಕೇಳಿಕೊಂಡು ಹೋಗುವ ಮನೆಯ ಮಾಲೀಕನೂ ಅದೇ ಪತ್ರಿಕೆ ತರಿಸುವವನಾಗಿದ್ದರೆ ಆಶ್ಚರ್ಯವಿಲ್ಲ.

ಸಾಲ ಕಟ್ಟಲಾಗದೆ ಮನೆ ಕಳೆದುಕೊಂಡವರ ಬಗ್ಗೆ ನಮ್ಮಲ್ಲಿ ಮಾತು ಸಾಮಾನ್ಯವಾಗಿ ಎರಡೇ ದಿಕ್ಕಿನಲ್ಲಿ ಹೋಗುತ್ತದೆ. ಬ್ಯಾಂಕು ಕಟುಕ ಎನ್ನುವವರು ಒಂದು ಕಡೆ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು ಎನ್ನುವವರು ಇನ್ನೊಂದು ಕಡೆ. ಬೀಗ ಬಿದ್ದ ದಿನ ಸಂಜೆ ಆ ಮನೆಯ ನಾಲ್ಕು ಜನ ಎಲ್ಲಿ ಮಲಗಿದರು ಎಂದು ಎರಡೂ ಕಡೆಯವರು ವಿಚಾರಿಸುವುದಿಲ್ಲ. ಕಾನೂನೂ ವಿಚಾರಿಸುವುದಿಲ್ಲ. ಈ ಉಪನ್ಯಾಸದ ವಿಷಯ ಆ ಸಂಜೆ, ಮತ್ತು ಅದರ ಹಿಂದುಮುಂದಿನ ಕೆಲವು ತಿಂಗಳು.

ಮೊದಲು ಕಾನೂನಿನ ದಾರಿ. ಎರಡನೆಯ ನರಸಿಂಹಂ ಸಮಿತಿ ಮತ್ತು ಅಂಧ್ಯಾರುಜಿನ ಸಮಿತಿಗಳ ಶಿಫಾರಸಿನ ಮೇಲೆ 2002ರಲ್ಲಿ ಬಂದದ್ದು ಸರ್ಫೇಸಿ ಕಾಯ್ದೆ. ಅದಕ್ಕೂ ಮೊದಲು ಅಡಮಾನದ ಮನೆಯನ್ನು ಹರಾಜು ಹಾಕಲು ಬ್ಯಾಂಕು ಸಿವಿಲ್ ಕೋರ್ಟಿಗೋ ಸಾಲ ವಸೂಲಾತಿ ನ್ಯಾಯಮಂಡಳಿಗೋ ಹೋಗಿ ವರ್ಷಗಟ್ಟಲೆ ಕಾಯಬೇಕಿತ್ತು. ಹೊಸ ಕಾಯ್ದೆ ಆ ಕಾಯುವಿಕೆಯನ್ನೇ ಕಿತ್ತುಹಾಕಿತು. ಕಂತು 90 ದಿನ ನಿಂತರೆ ಖಾತೆ ವಸೂಲಾಗದ ಸಾಲವಾಗುತ್ತದೆ. ಆಮೇಲೆ 13(2)ನೇ ಕಲಮಿನ ನೋಟಿಸು, ಪೂರ್ತಿ ಬಾಕಿ ತೀರಿಸಲು 60 ದಿನ. ತೀರದಿದ್ದರೆ ಮೊದಲು ಸಾಂಕೇತಿಕ ಸ್ವಾಧೀನ, ಅಂದರೆ ಬಾಗಿಲಿಗೆ ಅಂಟಿಸಿದ ಕಾಗದ. ನಂತರ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಬೆಂಗಳೂರಿನಂಥ ನಗರದಲ್ಲಿ ಮುಖ್ಯ ಮ್ಯಾಜಿಸ್ಟ್ರೇಟರ ಆದೇಶ ಪಡೆದು ನಿಜವಾದ ಸ್ವಾಧೀನ. ಹರಾಜಿಗೆ ಮುನ್ನ 30 ದಿನದ ಮಾರಾಟ ನೋಟಿಸು. ಎಲ್ಲಕ್ಕೂ ದಿನಗಳ ಲೆಕ್ಕವಿದೆ.

2004ರಲ್ಲಿ ಮರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ನ್ಯಾಯಮಂಡಳಿಯ ಮೆಟ್ಟಿಲು ಹತ್ತಲು ಸಾಲಗಾರ ಮೊದಲು ಬಾಕಿಯ ಶೇ. 75ರಷ್ಟು ಠೇವಣಿ ಇಡಬೇಕೆಂಬ ಷರತ್ತನ್ನು ಹೊಡೆದುಹಾಕಿತು. ದುಡ್ಡಿಲ್ಲವೆಂದೇ ಬಂದವನಿಗೆ ಮುಕ್ಕಾಲು ದುಡ್ಡು ಕಟ್ಟಿ ಮಾತಾಡು ಎನ್ನುವ ಷರತ್ತು ಅದು. ಸಾಲಗಾರ ಆಕ್ಷೇಪಣೆ ಬರೆದರೆ ಬ್ಯಾಂಕು ಉತ್ತರಿಸಲೇಬೇಕು ಎಂಬ ನಿಯಮವೂ ಆ ತೀರ್ಪಿನ ಫಲವೇ. ಈಗ ಅದಕ್ಕೆ 15 ದಿನದ ಗಡುವಿದೆ. ಇನ್ನೊಂದು ಸಂಗತಿ ಗಮನಿಸತಕ್ಕದ್ದು: ಇದೇ ಕಾಯ್ದೆ ಕೃಷಿ ಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹೊಲಕ್ಕೆ ಸಿಕ್ಕ ಆ ರಕ್ಷಣೆ ವಾಸದ ಮನೆಗೆ ಸಿಕ್ಕಿಲ್ಲ.

ಈ ದಾರಿಗೆ ಬಂದು ಬೀಳುವವರೆಲ್ಲ ದುಂದುಗಾರರಲ್ಲ. 20 ವರ್ಷದ ಅವಧಿಗೆ, ಶೇ. 7ರ ಬದಲಾಗುವ ಬಡ್ಡಿಗೆ 30 ಲಕ್ಷ ಸಾಲ ಮಾಡಿದವರ ಕಂತು ತಿಂಗಳಿಗೆ ಸುಮಾರು 23,250 ರೂಪಾಯಿ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ. 4ರಿಂದ 6.5ಕ್ಕೆ ಏರಿಸಿತು. ಸಾಲದ ಬಡ್ಡಿ ಅಷ್ಟೇ ಏರಿದರೆ ಅದೇ ಸಾಲದ ಕಂತು 28,000ದ ಹತ್ತಿರ. ಕಂತು ಏರಿಸದ ಬ್ಯಾಂಕುಗಳು ಅವಧಿಯನ್ನು ಎಳೆದವು. ನಿವೃತ್ತಿಯ ಆಚೆಗೂ ಕಂತು ಕಟ್ಟಬೇಕಾದ ಸಾಲಗಳು ಹುಟ್ಟಿದ್ದು ಹೀಗೆ. ಅವಧಿ ಎಳೆಯಬೇಕೇ, ಕಂತು ಏರಿಸಬೇಕೇ ಎಂದು ಸಾಲಗಾರನನ್ನು ಕೇಳಬೇಕೆಂಬ ಸೂಚನೆ ರಿಸರ್ವ್ ಬ್ಯಾಂಕಿನಿಂದ ಬಂದದ್ದು 2023ರ ಆಗಸ್ಟಿನಲ್ಲಿ, ಏರಿಕೆಯೆಲ್ಲ ಮುಗಿದ ಮೇಲೆ. ಇದರ ಜೊತೆಗೆ ಕೆಲಸ ಹೋಗುವುದು, ಮನೆಯಲ್ಲೊಬ್ಬರು ಆಸ್ಪತ್ರೆ ಸೇರುವುದು, ತಮ್ಮನ ಅಂಗಡಿಯ ಸಾಲಕ್ಕೆ ಅಣ್ಣನ ಮನೆಪತ್ರ ಅಡವಿಟ್ಟಿರುವುದು. ಈ ಕೊನೆಯದು ನಮ್ಮ ಕಡೆ ಬಹಳ. ತಾನು ಒಂದು ರೂಪಾಯಿ ಮುಟ್ಟದ ಸಾಲಕ್ಕೆ ಮನೆ ಕಳೆದುಕೊಂಡವನಿಗೆ ಯಾವ ನೀತಿಪಾಠ ಹೇಳುವುದು?

ಸ್ವಾಧೀನದ ದಿನ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಬೆಳಿಗ್ಗೆ ಹತ್ತು, ಹನ್ನೊಂದರ ಹೊತ್ತಿಗೆ ಬ್ಯಾಂಕಿನ ಅಧಿಕೃತ ಅಧಿಕಾರಿ, ಕೋರ್ಟ್ ನೇಮಿಸಿದ ಕಮಿಷನರ್ ವಕೀಲರು ಅಥವಾ ತಾಲೂಕು ಕಚೇರಿಯವರು, ಇಬ್ಬರು ಮೂವರು ಪೊಲೀಸರು, ಒಬ್ಬ ಮಹಿಳಾ ಕಾನ್‌ಸ್ಟೆಬಲ್, ಬೀಗ ಒಡೆಯುವವನು, ವಿಡಿಯೊ ತೆಗೆಯುವವನು ಬರುತ್ತಾರೆ. ಪಂಚನಾಮೆ ಶುರುವಾಗುತ್ತದೆ: ಮರದ ಮಂಚ ಒಂದು, ಫ್ರಿಜ್ ಒಂದು, ದೇವರ ಪಟಗಳು ಹನ್ನೊಂದು. ಅಡಮಾನ ಬಿದ್ದಿರುವುದು ಕಟ್ಟಡ. ಮನೆಯೊಳಗಿನ ಸಾಮಾನು ಬ್ಯಾಂಕಿನದಲ್ಲ. ಆದರೆ ಸಾಮಾನು ಇಡಲು ಜಾಗವಿಲ್ಲದವನಿಗೆ ಅದು ತನ್ನದಾದರೇನು? ಹಾಸಿಗೆಗಳು ಎದುರುಮನೆಯ ಪೋರ್ಟಿಕೊ ಸೇರುತ್ತವೆ. ಮಕ್ಕಳ ಮಾರ್ಕ್ಸ್‌ಕಾರ್ಡು, ಅಜ್ಜಿಯ ಬಿಪಿ ಮಾತ್ರೆ, ಗ್ಯಾಸ್ ಪುಸ್ತಕ ಇವು ಒಳಗೇ ಉಳಿದು, ಮರುದಿನ ಬ್ಯಾಂಕಿನ ಮುಂದೆ ನಿಂತು ಬೀಗ ತೆಗೆಸಿಕೊಡಿ ಎಂದು ಬೇಡಬೇಕಾಗುತ್ತದೆ. ಯಾರೂ ಕೂಗಾಡುವುದಿಲ್ಲ ಎಂದೇನಿಲ್ಲ, ಆದರೆ ಕೂಗಾಟಕ್ಕಿಂತ ಹೆಚ್ಚಾಗಿ ಆ ಹೊತ್ತಿನಲ್ಲಿ ನಡೆಯುವುದು ಫೋನು. ಭಾವನಿಗೆ, ಚಿಕ್ಕಪ್ಪನಿಗೆ, ಹಳೆಯ ಆಫೀಸಿನ ಗೆಳೆಯನಿಗೆ: ಎರಡು ದಿನ ಇರಲು ಸಾಧ್ಯವೇ?

ಎರಡು ದಿನ ಎರಡು ತಿಂಗಳಾಗುತ್ತದೆ, ಏಕೆಂದರೆ ಬಾಡಿಗೆ ಮನೆ ಸುಮ್ಮನೆ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ತಲೆಮಾರುಗಳ ರೂಢಿ. ಈಚೆಗೆ ಕೆಲವು ಬಡಾವಣೆಗಳಲ್ಲಿ ಐದಾರು ತಿಂಗಳಿಗೆ ಇಳಿದಿದೆ, ಅಷ್ಟೇ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದು ಎನ್ನುತ್ತದೆ. ಮಾದರಿ ಎಂಬ ಮಾತೇ ಹೇಳುವಂತೆ, ರಾಜ್ಯ ಒಪ್ಪಿ ಕಾನೂನು ಮಾಡುವವರೆಗೆ ಅದು ಕಾಗದ. ತಿಂಗಳಿಗೆ 15,000 ಬಾಡಿಗೆಯ ಸಾಧಾರಣ ಮನೆಗೆ ಹತ್ತು ತಿಂಗಳ ಲೆಕ್ಕದಲ್ಲಿ ಮುಂಗಡ ಒಂದೂವರೆ ಲಕ್ಷ, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಮೊದಲ ತಿಂಗಳ ಬಾಡಿಗೆ: ಒಟ್ಟು 1,80,000. ಟೆಂಪೊ ಬಾಡಿಗೆ ಬೇರೆ. ಮೊದಲು ಹೇಳಿದ 30 ಲಕ್ಷದ ಸಾಲಗಾರ ಮನೆ ಕಳೆದುಕೊಳ್ಳಲು ಶುರುವಾದದ್ದು ಮೂರು ಕಂತು, ಅಂದರೆ 84,000 ರೂಪಾಯಿ ಹೊಂದಿಸಲಾಗದೆ. ಅದರ ಎರಡರಷ್ಟನ್ನು ಅವನು ಈಗ ಒಂದೇ ಕಂತಿನಲ್ಲಿ, ಅಪರಿಚಿತ ಮಾಲೀಕನ ಕೈಗೆ, ಬಡ್ಡಿಯಿಲ್ಲದೆ ಕೊಡಬೇಕು.

ದುಡ್ಡು ಹೊಂದಿದರೂ ಪ್ರಶ್ನೆಗಳು ಉಳಿಯುತ್ತವೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಲ್ಲೇ ಆದರೂ ಮನೆ ಮಾಲೀಕನ ವಿಚಾರಣೆಗೆ ಒಂದು ಕ್ರಮವಿದೆ. ಎಲ್ಲಿ ಕೆಲಸ, ಎಷ್ಟು ಜನ, ನೀವು ಯಾವ ಪೈಕಿ, ಮಾಂಸ ತಿಂತೀರಾ. ಐದನೆಯದು: ಈಗ ಎಲ್ಲಿದ್ದೀರಿ? ಸ್ವಂತ ಮನೆಯಲ್ಲಿದ್ದೆವು ಎಂದರೆ ಆರನೆಯದು ತಾನಾಗಿ ಬರುತ್ತದೆ: ಮತ್ತೆ ಬಿಟ್ಟಿದ್ದೇಕೆ? ರಿಪೇರಿ ಮಾಡಿಸುತ್ತಿದ್ದೇವೆ ಎಂದು ಸುಳ್ಳು ಹೇಳಿ ಮನೆ ಹಿಡಿದವರಿದ್ದಾರೆ. ನಿಜ ಹೇಳಿ ಮೂರು ಕಡೆ ಬಾಗಿಲು ಹಾಕಿಸಿಕೊಂಡು, ನಾಲ್ಕನೆಯ ಕಡೆ ಸುಳ್ಳಿಗೆ ಬಂದವರೂ ಇದ್ದಾರೆ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಸಂಬಳದ ಚೀಟಿಯ ಜೊತೆಗೆ ಸಿಬಿಲ್ ಅಂಕವನ್ನೂ ಕೇಳುವ ಮಾಲೀಕರು ಹುಟ್ಟಿಕೊಂಡಿದ್ದಾರೆ. ಸಾಲ ಮಾಹಿತಿ ಸಂಸ್ಥೆಗಳು ದಾಖಲೆಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳುತ್ತವೆ. ಮನೆ ಹೋದದ್ದು ಒಂದು ದಿನ. ಹೋಯಿತೆಂಬ ದಾಖಲೆಯ ಜೊತೆ ಏಳು ವರ್ಷ ಬಾಳಬೇಕು.

ಮನೆ ಬಿಟ್ಟುಕೊಟ್ಟರೆ ಸಾಲ ತೀರಿತು ಎಂಬ ನಂಬಿಕೆಯೂ ಜನರಲ್ಲಿದೆ. ತೀರುವುದಿಲ್ಲ. ಹರಾಜಿನ ಹಣ ಬಾಕಿಗಿಂತ ಹೆಚ್ಚು ಬಂದರೆ ಉಳಿದದ್ದು ಸಾಲಗಾರನಿಗೆ ಸೇರಬೇಕು, ಕಡಿಮೆ ಬಂದರೆ ಉಳಿಕೆಗೆ ಬ್ಯಾಂಕು ಮತ್ತೆ ಅವನ ಬೆನ್ನು ಹತ್ತಬಹುದು. ‘ಇದ್ದಲ್ಲಿ ಇದ್ದಂತೆ’ ಎಂಬ ಷರತ್ತಿನ ಹರಾಜಿನಲ್ಲಿ ಪೇಟೆಯ ಬೆಲೆ ಸಿಗುವುದು ಅಪರೂಪ. ವ್ಯಾಜ್ಯದ ವಾಸನೆ ಇರುವ ಮನೆಗೆ ಕೊಳ್ಳುವವನು ಮೊದಲೇ ಕಡಿತ ಹಾಕಿಕೊಂಡು ಬರುತ್ತಾನೆ. ಹೀಗಾಗಿ ಬಾಡಿಗೆ ಮನೆಯ ಮುಂಗಡಕ್ಕೆ ಹಣ ಹುಡುಕುವ ಹೊತ್ತಿನಲ್ಲೇ, ಕೈಬಿಟ್ಟ ಮನೆಯ ಉಳಿಕೆ ಸಾಲದ ಕಾಗದವೂ ಬರುತ್ತಿರುತ್ತದೆ. ಯಾವ ವಿಳಾಸಕ್ಕೆ? ಹಳೆಯದಕ್ಕೇ.

ವಿಳಾಸ ಬದಲಿಸುವುದು ಸಣ್ಣ ಕೆಲಸವಲ್ಲ. ಆಧಾರ್, ಪಡಿತರ ಚೀಟಿ, ಮತದಾರರ ಪಟ್ಟಿ, ಗ್ಯಾಸ್ ಸಂಪರ್ಕ ಎಲ್ಲವೂ ಬೀಗ ಬಿದ್ದ ಬಾಗಿಲಿಗೆ ಅಂಟಿಕೊಂಡಿರುತ್ತವೆ. ಗೃಹಜ್ಯೋತಿಯ ಉಚಿತ ವಿದ್ಯುತ್ತು ಮೀಟರಿನ ಆರ್‌ಆರ್ ಸಂಖ್ಯೆಗೆ ಜೋಡಿಸಿದ್ದು. ಹಳೆಯ ಮನೆಯ ಸಂಖ್ಯೆಯಿಂದ ಆಧಾರ್ ಬಿಡಿಸಿಕೊಳ್ಳದೆ ಹೊಸ ಮನೆಗೆ ಸೌಲಭ್ಯ ಬರುವುದಿಲ್ಲ. ಬಿಡಿಸಿಕೊಳ್ಳುವ ವ್ಯವಸ್ಥೆ 2024ರಲ್ಲಿ ಬಂತು. ನೋಡಲು ಚಿಲ್ಲರೆ ವಿಷಯ, ಆದರೆ ಕೈ ಬರಿದಾದವರಿಗೆ ತಿಂಗಳ ಕರೆಂಟು ಬಿಲ್ಲೂ ಲೆಕ್ಕಕ್ಕೆ ಬರುತ್ತದೆ.

ಇಷ್ಟು ಹೊತ್ತು ಹೇಳಿದ್ದು ಸಾಲ ಮಾಡಿದವರ ಕತೆ. ಸಾಲವನ್ನೇ ಮಾಡದೆ ಬೀದಿಗೆ ಬರುವವರ ಕತೆ ಇನ್ನೂ ತಿರುಚಿಕೊಂಡದ್ದು, ಮತ್ತು ಅದು ಬೆಂಗಳೂರಿನದೇ ಆದ ಕತೆ.

ಬೆಂಗಳೂರಿನ ಬೀದಿಗಳಲ್ಲಿ ‘ಟು ಲೆಟ್’ ಬೋರ್ಡಿನಷ್ಟೇ ಸಾಮಾನ್ಯವಾಗಿ ‘ಲೀಸ್‌ಗೆ ಇದೆ’ ಎಂಬ ಬೋರ್ಡೂ ಇರುತ್ತದೆ. ಹಳಬರು ಭೋಗ್ಯ ಎನ್ನುತ್ತಿದ್ದದ್ದು ಹೆಚ್ಚುಕಮ್ಮಿ ಇದನ್ನೇ. ಎಂಟು, ಹತ್ತು, ಇಪ್ಪತ್ತು ಲಕ್ಷ ಒಟ್ಟಿಗೆ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರಬಹುದು. ಬಿಡುವಾಗ ಪೂರ್ತಿ ದುಡ್ಡು ವಾಪಸು. ಊರಿನ ಜಮೀನು ಮಾರಿದ ಹಣ, ಸ್ವಯಂನಿವೃತ್ತಿಯ ಹಣ, ಮಗಳ ಮದುವೆಗೆಂದು ಇಟ್ಟ ಹಣ ಹೀಗೆ ಲೀಸಿಗೆ ಇಳಿಯುತ್ತದೆ. ತಿಂಗಳ ಬಾಡಿಗೆಯ ಚಿಂತೆಯಿಲ್ಲ, ಅಸಲು ಭದ್ರ ಎಂಬ ಎಣಿಕೆ. ಮಾಲೀಕನ ಕಡೆಯಿಂದ ನೋಡಿದರೆ ಅದು ಬಡ್ಡಿಯಿಲ್ಲದ ಸಾಲ. ಈಗ ಯೋಚಿಸಬೇಕಾದ್ದು ಇದು: ತಿಂಗಳ ಬಾಡಿಗೆ ಬೇಡ, ಇಡಿಗಂಟೇ ಬೇಕು ಎನ್ನುವ ಮಾಲೀಕ ಯಾರು? ಎಲ್ಲರೂ ಕಷ್ಟದಲ್ಲಿರುವವರೇ ಆಗಬೇಕಿಲ್ಲ. ಆದರೆ ಬ್ಯಾಂಕಿನ ಕಂತು ಕುತ್ತಿಗೆಗೆ ಬಂದವನಿಗೆ ಇಡಿಗಂಟು ಬೇಕಾಗುವಷ್ಟು ಇನ್ನಾರಿಗೂ ಬೇಕಾಗುವುದಿಲ್ಲ. ಅಂದರೆ ಅಡಮಾನದಲ್ಲಿ ಮುಳುಗುತ್ತಿರುವ ಮನೆಯೇ ಲೀಸಿನ ಬೋರ್ಡು ಹಾಕಿಕೊಳ್ಳುವ ಸಾಧ್ಯತೆ ಹೆಚ್ಚು.

ಒಂದು ದಿನ ಗೇಟಿಗೆ ನೋಟಿಸು ಅಂಟುತ್ತದೆ, ಮಾಲೀಕನ ಹೆಸರಿನಲ್ಲಿ. ಮಾಲೀಕನ ಫೋನು ಸ್ವಿಚ್ ಆಫ್. ಒಳಗಿರುವವರಿಗೆ ಬ್ಯಾಂಕಿನ ಜೊತೆ ಯಾವ ಸಂಬಂಧವೂ ಇಲ್ಲ, ಇದ್ದದ್ದೆಲ್ಲ ಮಾಲೀಕನ ಜೊತೆಗಿನ ಒಂದು ಕರಾರು ಪತ್ರ, ಅದೂ 11 ತಿಂಗಳದ್ದು. ವರ್ಷ ಮೀರಿದ ಲೀಸು ನೋಂದಣಿಯಾಗಬೇಕು, ಶುಲ್ಕ ಕಟ್ಟಬೇಕು; ಅದನ್ನು ತಪ್ಪಿಸಲು 11 ತಿಂಗಳೆಂದು ಬರೆಯುವುದು ಊರೆಲ್ಲ ಕಲಿತ ವಿದ್ಯೆ. ಆ ಉಳಿತಾಯವೇ ಈಗ ತಿರುಗಿ ಬೀಳುತ್ತದೆ. 2016ರಲ್ಲಿ ವಿಶಾಲ್ ಕಲ್ಸಾರಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಾಡಿಗೆ ಕಾಯ್ದೆಯ ರಕ್ಷಣೆ ಇರುವವರನ್ನು ಸರ್ಫೇಸಿ ಹೆಸರಿನಲ್ಲಿ ಏಕಾಏಕಿ ಹೊರಹಾಕುವಂತಿಲ್ಲ ಎಂದಿತು. 2019ರ ಬಜರಂಗ್ ಶ್ಯಾಮಸುಂದರ್ ಅಗರ್‌ವಾಲ್ ಪ್ರಕರಣದಲ್ಲಿ ಆ ರಕ್ಷಣೆಯ ಗಡಿಗಳನ್ನು ಬಿಗಿಮಾಡಿತು: ಬಾಯಿಮಾತಿನ, ನೋಂದಣಿಯಿಲ್ಲದ ಬಾಡಿಗೆದಾರಿಕೆ ಹೇಳಿಕೊಂಡು ಅಲ್ಲೇ ಉಳಿಯುತ್ತೇವೆ ಎಂದರೆ ನಡೆಯದು. ಇನ್ನು ಕರ್ನಾಟಕದ 1999ರ ಬಾಡಿಗೆ ಕಾಯ್ದೆಯೋ, ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗೆ ಅನ್ವಯಿಸುವುದೇ ಇಲ್ಲ. ಇವತ್ತು ಬೆಂಗಳೂರಿನಲ್ಲಿ ಆ ದುಡ್ಡಿಗೆ ಒಂದು ಕೋಣೆಯೂ ಕಷ್ಟ.

ಇದಕ್ಕಿಂತ ಹಳೆಯ ತೊಡಕು 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿದೆ. 1929ರಲ್ಲಿ ಸೇರಿಸಿದ ಅದರ 65ಎ ಕಲಮು ಅಡಮಾನವಿಟ್ಟ ಮಾಲೀಕ ಮನೆಯನ್ನು ಬಾಡಿಗೆಗೆ ಕೊಡಬಹುದು ಎನ್ನುತ್ತದೆ, ಷರತ್ತುಗಳ ಮೇಲೆ: ನ್ಯಾಯವಾದ ಬಾಡಿಗೆ ಇರಬೇಕು, ಇಡಿಗಂಟು ಪಡೆಯಬಾರದು, ಬಾಡಿಗೆಯನ್ನು ಮುಂಚಿತವಾಗಿ ವಸೂಲು ಮಾಡಬಾರದು, ಕಟ್ಟಡವಾದರೆ ಮೂರು ವರ್ಷ ಮೀರಬಾರದು. ಬೆಂಗಳೂರಿನ ಲೀಸು ಈ ಷರತ್ತುಗಳನ್ನು ಹುಟ್ಟುವಾಗಲೇ ಮುರಿದುಕೊಂಡು ಹುಟ್ಟುತ್ತದೆ. ಸರ್ಫೇಸಿಯ 13(2)ರ ನೋಟಿಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಲೀಸು ಕೊಟ್ಟರಂತೂ ಅದಕ್ಕೆ ಕಿಮ್ಮತ್ತೇ ಇಲ್ಲ. ಲೀಸುದಾರ ಅದೇ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಿ ಸ್ವಲ್ಪ ಕಾಲಾವಕಾಶ ಗಳಿಸಬಹುದು. ದುಡ್ಡು? ಹರಾಜಿನ ಹಣದಲ್ಲಿ ಮೊದಲ ಪಾಲು ಬ್ಯಾಂಕಿನದು. ಹತ್ತು ಲಕ್ಷ ವಸೂಲು ಮಾಡಲು ಅವನು ಮಾಲೀಕನ ಮೇಲೆ ದಾವೆ ಹೂಡಬೇಕು, ಮನೆಯನ್ನೇ ಕಳೆದುಕೊಂಡು ಊರು ಬಿಟ್ಟ ಮಾಲೀಕನ ಮೇಲೆ.

ತಪ್ಪಿಸಿಕೊಳ್ಳುವ ದಾರಿ ಇಲ್ಲವೆಂದಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿದರೆ ನೋಂದಾಯಿತ ಅಡಮಾನ ಕಾಣುತ್ತದೆ. ಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಿ ಮಾಡಿದ ಅಡಮಾನ ಅಲ್ಲಿ ಕಾಣದಿದ್ದರೆ, 2011ರಿಂದ ಇರುವ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲಿ ಸಣ್ಣ ಶುಲ್ಕಕ್ಕೆ ಹುಡುಕಬಹುದು. ಹಳ್ಳಿಯಲ್ಲಿ ಎಮ್ಮೆ ಕೊಳ್ಳುವಾಗ ಹಲ್ಲು ಹಿಡಿದು ನೋಡುವ ಜನ, ಇಪ್ಪತ್ತು ಲಕ್ಷ ಕೊಡುವಾಗ ಮನೆಪತ್ರದ ಜೆರಾಕ್ಸ್ ನೋಡಿ ತೃಪ್ತರಾಗುತ್ತಾರೆ. ಮೂಲ ಪತ್ರ ತೋರಿಸಿ ಎಂದು ಕೇಳಿದರೆ ಸಾಕು, ಎಷ್ಟೋ ಲೀಸುಗಳು ಅಲ್ಲೇ ನಿಂತುಹೋಗುತ್ತವೆ. ಮೂಲ ಬ್ಯಾಂಕಿನ ತಿಜೋರಿಯಲ್ಲಿರುತ್ತದೆ.

ಸರ್ಕಾರದ ಕಡೆ ನೋಡಿದರೆ ಯೋಜನೆಗಳಿಗೆ ಕೊರತೆಯಿಲ್ಲ. ಆದರೆ ಅವೆಲ್ಲ ಮನೆ ಇಲ್ಲದವರಿಗೆ ಮನೆ ಕಟ್ಟಿಕೊಡುವಂಥವು, ಮನೆ ಕಳೆದುಕೊಂಡವರಿಗೆ ಬಾಡಿಗೆ ಸೂರು ಹುಡುಕಿಕೊಡುವಂಥವಲ್ಲ. ಗೃಹಮಂಡಳಿಯೂ ಬಿಡಿಎಯೂ ನಿವೇಶನ, ಫ್ಲ್ಯಾಟು ಮಾರುತ್ತವೆ. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೆಯ ಆವೃತ್ತಿ ಕಳೆದ 20 ವರ್ಷಗಳಲ್ಲಿ ಯಾವುದೇ ವಸತಿ ಯೋಜನೆಯ ಲಾಭ ಪಡೆದವರನ್ನು ಹೊರಗಿಡುತ್ತದೆ. ಮೊದಲ ಆವೃತ್ತಿಯಲ್ಲಿ 2.67 ಲಕ್ಷದವರೆಗಿನ ಬಡ್ಡಿ ಸಹಾಯಧನ ನಂಬಿ ಮನೆ ಕೊಂಡು, ಕಂತು ತಪ್ಪಿ ಕಳೆದುಕೊಂಡ ಕುಟುಂಬಕ್ಕೆ ಹೀಗೆ ಎರಡನೆಯ ಬಾಗಿಲೂ ಮುಚ್ಚುತ್ತದೆ. ನಗರಗಳಲ್ಲಿ ಲಕ್ಷ ಜನಸಂಖ್ಯೆಗೊಂದು ಎಂಬ ಲೆಕ್ಕದಲ್ಲಿ ಇರಬೇಕಾದ ನಿರಾಶ್ರಿತರ ತಂಗುದಾಣಗಳು ಬೀದಿಯಲ್ಲಿ ಮಲಗುವವರಿಗಾಗಿ ಹುಟ್ಟಿದವು. ಪಿಯುಸಿ ಓದುವ ಮಗಳು, ಹಾಸಿಗೆ ಹಿಡಿದ ಅಜ್ಜಿ, ಒಂದು ಟೆಂಪೊ ಸಾಮಾನು ಇರುವ ಕುಟುಂಬಕ್ಕೆ ಅಲ್ಲಿ ಜಾಗವಿಲ್ಲ.

ಬೇರೆ ಕಡೆ ಇದನ್ನು ಹೇಗೆ ನಿಭಾಯಿಸಿದ್ದಾರೆ? ಬ್ರಿಟನ್ನಿನ ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. 1966ರ ನವೆಂಬರಿನಲ್ಲಿ ಬಿಬಿಸಿ ಪ್ರಸಾರ ಮಾಡಿದ, ಕೆನ್ ಲೋಚ್ ನಿರ್ದೇಶನದ ‘ಕ್ಯಾಥಿ ಕಮ್ ಹೋಮ್’ ಎಂಬ ಟಿವಿ ಚಿತ್ರ ಒಂದು ಎಳೆಯ ಕುಟುಂಬ ಹಂತಹಂತವಾಗಿ ಸೂರು ಕಳೆದುಕೊಳ್ಳುವುದನ್ನು ತೋರಿಸಿ ದೇಶವನ್ನೇ ಅಲ್ಲಾಡಿಸಿತು. ಮರುತಿಂಗಳು ಶೆಲ್ಟರ್ ಎಂಬ ಸಂಸ್ಥೆ ಕೆಲಸ ಆರಂಭಿಸಿತು. 1977ರ ಕಾಯ್ದೆ ಮನೆಯಿಲ್ಲದ ಕುಟುಂಬಗಳ ಹೊಣೆಯನ್ನು ಸ್ಥಳೀಯ ಆಡಳಿತದ ಮೇಲೆ ಹೊರಿಸಿತು. 1991ರಲ್ಲಿ ಬಡ್ಡಿ ಏರಿ ಮನೆ ಬೆಲೆ ಕುಸಿದಾಗ ಒಂದೇ ವರ್ಷದಲ್ಲಿ ಅಲ್ಲಿ 75,500 ಮನೆಗಳು ಜಪ್ತಿಯಾದವು. 2017ರಲ್ಲಿ ಇಂಗ್ಲೆಂಡಿಗಾಗಿ ಮಾಡಿದ ಇನ್ನೊಂದು ಕಾಯ್ದೆಯ ಪ್ರಕಾರ, 56 ದಿನಗಳೊಳಗೆ ಮನೆ ಹೋಗುವ ಸೂಚನೆ ಇದ್ದರೆ ಆಗಿಂದಲೇ ಕೌನ್ಸಿಲ್ ಆ ಕುಟುಂಬಕ್ಕೆ ನೆರವಾಗಲು ತೊಡಗಬೇಕು. ಅಲ್ಲಿ 56 ದಿನ, ಇಲ್ಲಿ 60 ದಿನ. ಅವರು ಆ ಅವಧಿಯನ್ನು ಸೂರು ಹುಡುಕಲು ಇಟ್ಟರು, ನಾವು ದುಡ್ಡು ಕಟ್ಟಲು ಮಾತ್ರ ಇಟ್ಟೆವು.

ಲೀಸುದಾರನಂಥವರ ಬಗ್ಗೆಯೂ ಅಲ್ಲಿ ಯೋಚಿಸಲಾಗಿದೆ. ಸಾಲ ಕೊಟ್ಟವರ ಒಪ್ಪಿಗೆಯಿಲ್ಲದೆ ಬಾಡಿಗೆಗೆ ಬಂದವರಿಗೂ ಮನೆ ಬಿಡಲು ಎರಡು ತಿಂಗಳವರೆಗೆ ಸಮಯ ಕೊಡುವ ಅಧಿಕಾರವನ್ನು 2010ರ ಒಂದು ಕಾಯ್ದೆ ಕೋರ್ಟಿಗೆ ನೀಡಿದೆ. ಅಮೆರಿಕದಲ್ಲಿ 2009ರ ಕಾನೂನು ಇಂಥ ಬಾಡಿಗೆದಾರರಿಗೆ 90 ದಿನದ ನೋಟಿಸು ಕಡ್ಡಾಯ ಮಾಡಿತು, 2018ರಲ್ಲಿ ಅದು ಶಾಶ್ವತವಾಯಿತು. ಹಾಗೆಂದು ಇಂಗ್ಲೆಂಡು ಸ್ವರ್ಗವೇನಲ್ಲ: ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳು ಇವತ್ತು ಅಲ್ಲಿ ತಾತ್ಕಾಲಿಕ ವಸತಿಗಳಲ್ಲಿ ದಿನ ದೂಡುತ್ತಿವೆ. ಆದರೆ ಅವರ ಲೆಕ್ಕ ಯಾರೋ ಒಬ್ಬರು ಇಟ್ಟಿದ್ದಾರೆ. ನಮ್ಮಲ್ಲಿ ಬೀಗ ಹಾಕಿದ ಮನೆಗಳ ಲೆಕ್ಕ ಬ್ಯಾಂಕಿನಲ್ಲಿದೆ, ಹೊರಬಂದವರ ಲೆಕ್ಕ ಯಾವ ಕಚೇರಿಯಲ್ಲೂ ಇಲ್ಲ.

ಜಪ್ತಿಯ ವಿರುದ್ಧ ಎದ್ದುನಿಂತ ನೆನಪು ಕರ್ನಾಟಕಕ್ಕೆ ಇಲ್ಲದ್ದೇನಲ್ಲ. ಎಂ.ಡಿ. ನಂಜುಂಡಸ್ವಾಮಿಯವರ ಕಾಲದ ರಾಜ್ಯ ರೈತ ಸಂಘ, ಸಾಲಕ್ಕಾಗಿ ಹೊತ್ತೊಯ್ದ ಸಾಮಾನನ್ನು ಹಿಂದಕ್ಕೆ ತರುವ ‘ಮರುಜಪ್ತಿ’ ನಡೆಸಿತು, ಅನುಮತಿಯಿಲ್ಲದೆ ಅಧಿಕಾರಿಗಳು ಒಳಬರಬಾರದೆಂದು ಊರ ಬಾಗಿಲಿಗೆ ಬೋರ್ಡು ಹಾಕಿತು. 2025ರ ಆರಂಭದಲ್ಲಿ ಬೆಳಗಾವಿ ಸೇರಿದಂತೆ ಹಲವು ಜಿಲ್ಲೆಗಳಿಂದ ಸಾಲದವರು ಜನರನ್ನು ಮನೆಯಿಂದ ಹೊರಹಾಕಿದ ಸುದ್ದಿಗಳು ಬಂದಾಗ, ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲದ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದಿತು. ಗರಿಷ್ಠ 10 ವರ್ಷ ಜೈಲು, 5 ಲಕ್ಷ ದಂಡ. ಸ್ವಾಗತಿಸಬೇಕಾದ್ದೇ. ಆದರೆ ಕೇಂದ್ರದ ಸರ್ಫೇಸಿ ದಾರಿಯಲ್ಲಿ ಬರುವ ಬೀಗವನ್ನು ಅದು ಮುಟ್ಟುವುದಿಲ್ಲ. ಮರುಜಪ್ತಿಯ ಹಿಂದೆ ಒಂದು ಊರು ನಿಂತಿತ್ತು. ಬಡಾವಣೆಯ ಮೂರನೇ ಅಡ್ಡರಸ್ತೆಯ ಮನೆಗೆ ಬೀಗ ಬಿದ್ದಾಗ ಪಕ್ಕದವರು ಕಿಟಕಿಯ ಪರದೆ ಸರಿಸಿ ನೋಡುತ್ತಾರೆ, ಅಷ್ಟೇ.

ಹಾಗಿದ್ದರೆ ಆ 60 ದಿನವನ್ನು ಕುಟುಂಬವೊಂದು ಹೇಗೆ ಬಳಸಬೇಕು? ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ನೋಟಿಸು ಬಂದೊಡನೆ ಹೆಂಡತಿಯ ಬಳೆ ಅಡವಿಟ್ಟು ಎರಡು ಕಂತು ಕಟ್ಟುವುದು ನಮ್ಮವರ ಮೊದಲ ಕೆಲಸ. ಆದಾಯ ಮರಳುವ ಭರವಸೆ ಇದ್ದರೆ ಅದು ಸರಿ, ಪೂರ್ತಿ ಹಿಂಬಾಕಿ ತೀರಿ ಖಾತೆ ಸರಿಹೋಗುವಂತಿದ್ದರೆ ಇನ್ನೂ ಸರಿ. ಆದಾಯವೇ ಹೋಗಿದ್ದರೆ ಆ ಬಳೆ ಕೊಳ್ಳುವುದು ಒಂದೆರಡು ತಿಂಗಳ ಕಾಲವನ್ನು ಮಾತ್ರ. ಆಮೇಲೆ ಮನೆಯೂ ಇಲ್ಲ, ಬಾಡಿಗೆ ಮನೆಯ ಮುಂಗಡಕ್ಕೆ ಬಳೆಯೂ ಇಲ್ಲ.

ಮನೆ ಉಳಿಯದು ಎಂದು ಖಚಿತವಾದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆದು ತಾನೇ ಮಾರುವುದು ಮೇಲು. ಹರಾಜಿಗಿಂತ ಹೆಚ್ಚು ಬೆಲೆ ಸಿಗುತ್ತದೆ, ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ, ಹೊಸ ಮನೆಯ ಮಾಲೀಕನ ಆರನೆಯ ಪ್ರಶ್ನೆಗೆ ‘ಮಾರಿದೆವು’ ಎಂಬ ನಿಜವಾದ ಉತ್ತರವಿರುತ್ತದೆ. ಹರಾಜಿನ ದಿನ ಬೆಳಿಗ್ಗೆ ದುಡ್ಡು ತಂದು ಬಿಡಿಸಿಕೊಳ್ಳುತ್ತೇನೆ ಎಂಬ ಹಳೆಯ ಧೈರ್ಯ ಈಗ ನಡೆಯದು. 2016ರ ತಿದ್ದುಪಡಿಯ ನಂತರ ಹರಾಜಿನ ಪ್ರಕಟಣೆ ಹೊರಬಿದ್ದರೆ ಆ ಹಕ್ಕು ಮುಗಿಯಿತು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಬ್ಯಾಂಕಿನ ಕ್ರಮದಲ್ಲಿ ತಪ್ಪಿದ್ದರೆ 45 ದಿನಗಳೊಳಗೆ ನ್ಯಾಯಮಂಡಳಿಗೆ ಹೋಗಬೇಕು. ಆ ನ್ಯಾಯಮಂಡಳಿ ಇರುವುದು ಬೆಂಗಳೂರಿನಲ್ಲಿ. ಬೀದರಿನವನಿಗೆ ಅದು ಸುಮಾರು 700 ಕಿ.ಮೀ. ದೂರ. ವಕೀಲರಿಗೆ ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಅಲ್ಲಿ ಆದಾಯದ ಮಿತಿ ಕೇಳುವುದಿಲ್ಲ. ಮನೆ ಹೆಂಡತಿಯ ಹೆಸರಿನಲ್ಲಿದ್ದೂ ಈ ಸಂಗತಿ ಗೊತ್ತಿಲ್ಲದ ಕುಟುಂಬಗಳು ಎಷ್ಟೋ.

ಇದೆಲ್ಲ ಕುಟುಂಬ ಮಾಡಿಕೊಳ್ಳಬೇಕಾದ್ದು. ಆಡಳಿತ ಮಾಡಬೇಕಾದ್ದು ಒಂದಿದೆ. ಮನೆಯ ನಿಜವಾದ ಸ್ವಾಧೀನಕ್ಕೆ ಆದೇಶ ಕೇಳುವಾಗ ಬ್ಯಾಂಕು 14ನೇ ಕಲಮಿನ ಪ್ರಕಾರ ಒಂದು ಪ್ರಮಾಣಪತ್ರ ಸಲ್ಲಿಸಬೇಕು. ಅದರಲ್ಲಿ ಒಂಬತ್ತು ಅಂಶಗಳಿವೆ: ಸಾಲವೆಷ್ಟು, ಅಡಮಾನ ಯಾವುದು, ನೋಟಿಸು ಕೊಟ್ಟಾಯಿತೇ, ಆಕ್ಷೇಪಣೆಗೆ ಉತ್ತರಿಸಿಯಾಯಿತೇ, ಹೀಗೆ. ಮನೆಯೊಳಗೆ ಯಾರಿದ್ದಾರೆ ಎಂದು ಒಂಬತ್ತರಲ್ಲಿ ಒಂದೂ ಕೇಳುವುದಿಲ್ಲ. ಹತ್ತನೆಯದೊಂದು ಬೇಕು: ವಾಸವಿರುವವರು ಸಾಲಗಾರರೋ, ಲೀಸಿಗೆ ಬಂದವರೋ, ಶಾಲೆಗೆ ಹೋಗುವ ಮಕ್ಕಳು, ಹಾಸಿಗೆ ಹಿಡಿದವರು ಎಷ್ಟು ಜನ, ಅವರು ಹೋಗಲು ಜಾಗವಿದೆಯೇ. ಕಾಯ್ದೆಗೆ ಅದನ್ನು ಸೇರಿಸುವುದು ಸಂಸತ್ತಿನ ಕೆಲಸ, ಅದಕ್ಕೆ ನಮ್ಮ ಸಂಸದರನ್ನು ಒತ್ತಾಯಿಸಬೇಕು. ಆದರೆ ವಿಚಾರಿಸಿಕೊಳ್ಳುವುದಕ್ಕೆ ತಿದ್ದುಪಡಿ ಬೇಕಿಲ್ಲ. ಬೆಂಗಳೂರಿನ ಹೊರಗೆ ಈ ಆದೇಶಕ್ಕೆ ಸಹಿ ಹಾಕುವ ಜಿಲ್ಲಾಧಿಕಾರಿಗಳೇ ಹೊಳೆ ಉಕ್ಕಿ ಮನೆ ಮುಳುಗಿದಾಗ ರಾತ್ರೋರಾತ್ರಿ ಶಾಲೆ, ಕಲ್ಯಾಣ ಮಂಟಪಗಳಲ್ಲಿ ಕಾಳಜಿ ಕೇಂದ್ರ ತೆರೆಸುವವರು. ಸ್ವಾಧೀನದ ಆದೇಶ ಹೊರಡುವ ಮೊದಲು ಗ್ರಾಮ ಆಡಳಿತಾಧಿಕಾರಿಯನ್ನು ಆ ಮನೆಗೆ ಒಮ್ಮೆ ಕಳಿಸಿ ವರದಿ ತರಿಸಿಕೊಳ್ಳಲಿ, ಒಳಗಿರುವವರಿಗೆ ಸಾಮಾನು ಸಾಗಿಸಲು ದಿನಾಂಕ ತಿಳಿಸಲಿ, ಹೋಗಲು ಜಾಗವಿಲ್ಲದವರಿಗೆ ಒಂದು ತಿಂಗಳ ಸೂರು ತೋರಿಸಲಿ. ಕಂದಾಯ ಇಲಾಖೆಯ ಒಂದು ಸುತ್ತೋಲೆಯಿಂದ ಇದನ್ನು ಈ ವರ್ಷವೇ ಆರಂಭಿಸಬಹುದು.